ಮಾವನವರ ಪಂಚೆಯ ಮೇಲೆ ಒಂದು ಹನಿ ಪೆಟ್ರೋಲು

ನನಗೆ ಕೋಪ ಜಾಸ್ತಿ ಎಂದು ಚಾಮರಾಜನಗರದಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಯಾರೆಂದು ಗೊತ್ತಾದರೆ ಅವರ ಹಲ್ಲು ಉದುರಿಸದೆ ಬಿಡುವುದಿಲ್ಲ. ಸಿದ್ದಮಲ್ಲಪ್ಪನೆಂಬ ನಾನು ಶಾಂತ ಸ್ವಭಾವದವನು. ತಾಲ್ಲೂಕು ಕಚೇರಿಯಲ್ಲಿ ಹನ್ನೊಂದು ವರ್ಷ ಗುಮಾಸ್ತೆಯಾಗಿ ದುಡಿದು ಒಂದೇ ಒಂದು ಸಲ ಮಸಿಕುಡಿಕೆ ಎಸೆದಿದ್ದೇನೆ, ಅದೂ ಯಾರಿಗೂ ತಗುಲಲಿಲ್ಲ. ಆ ಹಸಿರು ಕಾರಿನ ವಿಷಯದಲ್ಲಿ ನಾಲ್ಕು ಮಾತು ಜೋರಾಗಿ ಆಡಿದ್ದು ನಿಜ. ನನ್ನ ಜಾಗದಲ್ಲಿ ಯಾರಿದ್ದರೂ ಆಡುತ್ತಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

ನನ್ನ ಸೋದರಮಾವ ಚಿಕ್ಕಮಲ್ಲಪ್ಪ ನೀಲಗಿರಿಯ ಒಂದು ಟೀ ತೋಟದಲ್ಲಿ ಇಪ್ಪತ್ತು ವರ್ಷ ದೊರೆಯೊಬ್ಬನ ಡ್ರೈವರಾಗಿದ್ದ. ಸ್ವಾತಂತ್ರ್ಯ ಬಂದು ಆರು ವರ್ಷವಾದ ಮೇಲೆ ಆ ದೊರೆಗೆ, ತಾನಿನ್ನು ಇಲ್ಲಿರುವುದು ಚೆನ್ನಲ್ಲ ಎಂದು ಹೊಳೆಯಿತು. ಹೊರಡುವಾಗ ನಾಯಿಗಳನ್ನು ಒಬ್ಬರಿಗೆ, ಗಿಳಿಯನ್ನು ಒಬ್ಬರಿಗೆ ಹಂಚಿ, ತಾನು ಪಂದ್ಯದಲ್ಲಿ ಓಡಿಸುತ್ತಿದ್ದ ಕಾರನ್ನು ನಮ್ಮ ಮಾವನಿಗೆ ಕೊಟ್ಟ. ಮಾವ ಅದನ್ನು ಬಂಡೀಪುರದ ಕಾಡು ದಾಟಿಸಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿ, ತನ್ನ ಕಣ್ಣಿಗೆ ಪೊರೆ ಬಂದಿದೆ, ಇನ್ನು ಇದು ನಿನ್ನದು ಎಂದ. ಎರಡು ವಾರ ಇದ್ದು ಓಡಿಸುವುದನ್ನು ಕಲಿಸಿ, ಮದ್ದೂರಿನ ಮಗಳ ಮನೆಗೆ ಹೊರಟ. ಹೊರಡುವಾಗ ಬಾನೆಟ್ಟಿನೊಳಗೆ ಬೆರಳು ತೋರಿಸಿ ಏನೋ ಹೇಳಿದ. ಆಗ ನಾನು ಹಾರನ್ ಒತ್ತಿ ನೋಡುತ್ತಿದ್ದೆ, ಕೇಳಿಸಲಿಲ್ಲ.

ಅದು ಊರಲ್ಲಿ ಸಾಹುಕಾರರು ಓಡಿಸುವಂಥ ಡಬ್ಬಾ ಕಾರಲ್ಲ. ಎರಡೇ ಸೀಟು, ಮೇಲೆ ಸೂರಿಲ್ಲ. ಸೀಟಿನ ಹಿಂದೆ ದೊರೆಯ ನಾಯಿಗಳು ಕೂರುತ್ತಿದ್ದ ಒಂದು ಅಡಿ ಅಗಲದ ಹಲಗೆ. ಅದರ ಹಿಂದೆ, ಬೆನ್ನಿಗೆ ಕಟ್ಟಿದ ಟ್ರಂಕಿನ ಹಾಗೆ ಪೆಟ್ರೋಲ್ ಟ್ಯಾಂಕು. ಅದರ ಮುಚ್ಚಳಕ್ಕೆ ಬೀಗವಿಲ್ಲ, ಹೆಬ್ಬೆರಳಿನಿಂದ ಎತ್ತಿದರೆ ಟಕ್ಕೆಂದು ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬೊರೇಟರು ಊರಿನ ಬಸ್ಸು ಲಾರಿಗಳಿಗೆಲ್ಲ ಒಂದೊಂದೇ. ನನ್ನ ಕಾರಿಗೆ ಎರಡು. ಪಕ್ಕದ ಕರಿಬಸವಯ್ಯನ ಕಾಫಿ ಹೋಟೆಲಿನಲ್ಲಿ ಕೂತು ನಾನು ಇದನ್ನು ಹನ್ನೆರಡು ಜನಕ್ಕೆ ವಿವರಿಸಿದೆ. ದೊರೆಯ ಇಂಗ್ಲಿಷ್ ಪುಸ್ತಕ ನನ್ನ ಹತ್ತಿರವಿದೆ, ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ, ಯಾವ ಮೆಕ್ಯಾನಿಕ್ಕಿನ ಕೈಯೂ ಈ ಇಂಜಿನ್ನಿನ ಮೇಲೆ ಬೀಳಕೂಡದು ಎಂದೂ ಹೇಳಿದೆ. ಪುಸ್ತಕದ ಚಿತ್ರಗಳನ್ನು ನಾನು ನಿಜವಾಗಿಯೂ ಪೂರ್ತಿ ನೋಡಿದ್ದೆ.

ನನ್ನ ತಾಯಿ ದೊಡ್ಡಮಾದಮ್ಮ ಕಾರಿಗೆ ಆರತಿ ಎತ್ತಿ, ಚಕ್ರದ ಮುಂದೆ ಕಾಯಿ ಒಡೆದು, ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದಳು. ಮಾದಪ್ಪನ ಬೆಟ್ಟದಿಂದ ತಂದ ವಿಭೂತಿಯ ಚೀಲ ಅವ್ವನ ಸೊಂಟ ಬಿಟ್ಟು ಇಳಿದದ್ದಿಲ್ಲ. ಬಿತ್ತನೆ ರಾಗಿಗೆ ಒಂದು ಚಿಟಿಕೆ, ಎತ್ತು ಕುಡಿಯುವ ನೀರಿನ ಬಾನಿಗೆ ಒಂದು ಚಿಟಿಕೆ, ಜ್ವರ ಬಂದವರ ಗಂಜಿಗೆ ಒಂದು ಚಿಟಿಕೆ. ಅದಿಲ್ಲದೆ ನಮ್ಮ ಮನೆಯಲ್ಲಿ ಯಾವ ಜೀವವೂ ಏನನ್ನೂ ಕುಡಿದು ಬೆಳೆದಿಲ್ಲ. ಕಾರಿನ ಹಣೆಗೆ ವಿಭೂತಿ ಒಪ್ಪುತ್ತಿತ್ತು, ನಾನು ಏನೂ ಅನ್ನಲಿಲ್ಲ.

ಮೊದಲ ಭಾನುವಾರ ಇಂಜಿನ್ನನ್ನು ಹದ ಮಾಡಲು ಕೂತೆ. ಪೆಟ್ರೋಲು ಬರುವ ದಾರಿಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಹಿತ್ತಾಳೆ ಜಾಲರಿಯ ಬಟ್ಟಲೊಂದಿತ್ತು. ಅದನ್ನು ತೊಳೆಯಬೇಕು ಎಂದು ಪುಸ್ತಕ ಹೇಳಿತ್ತು. ತೊಳೆದೆ. ಕೈಯಲ್ಲಿ ಹಿಡಿದು ಯೋಚಿಸಿದೆ. ಓಡುವ ಪೆಟ್ರೋಲಿಗೆ ಅಡ್ಡ ನಿಲ್ಲುವ ವಸ್ತು ಪಂದ್ಯದ ಕಾರಿಗೆ ಏತಕ್ಕೆ? ಹೆದ್ದಾರಿಯ ಮಧ್ಯೆ ಸುಂಕದ ಕಟ್ಟೆ ಇಟ್ಟ ಹಾಗೆ. ಅದನ್ನು ತೆಗೆದುಬಿಟ್ಟೆ. ನೋಡಲು ಅಂದವಾಗಿತ್ತು, ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟು ಗುಂಡುಪಿನ್ನು ತುಂಬಿಸಿದೆ. ಅಮಲ್ದಾರರು ಅದನ್ನು ಕಂಡು ಮೆಚ್ಚಿ ತಮ್ಮ ಮೇಜಿಗೆ ತೆಗೆದುಕೊಂಡು ಹೋದರು. ಹನ್ನೊಂದು ವರ್ಷದಲ್ಲಿ ಅವರು ನನ್ನದೊಂದನ್ನು ಮೆಚ್ಚಿದ್ದು ಅದೇ ಮೊದಲು.

ಎರಡು ಕಾರ್ಬೊರೇಟರು ಎಂದರೆ ಜೋಡೆತ್ತು. ಒಂದು ಎಳೆದು ಇನ್ನೊಂದು ಮೈಗಳ್ಳತನ ಮಾಡಿದರೆ ಗಾಡಿ ಓರೆ. ಎರಡೂ ಒಂದೇ ಸಮ ಉಸಿರಾಡುತ್ತಿವೆಯೇ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಅವುಗಳ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿಯಬೇಕು. ಆಸ್ಪತ್ರೆಯ ಕಾಂಪೌಂಡರನಿಂದ ಒಂದು ಕೊಳವೆ ತಂದೆ. ಮುಂದಿನದರ ಉಸಿರು ಕೇಳು, ತಿರುಪು ತಿರುಗಿಸು, ಹಿಂದಿನದರ ಉಸಿರು ಕೇಳು. ತಲೆ ಎತ್ತಿದರೆ ಬೀದಿ ತುಂಬ ಜನ. ಸಿದ್ದಮಲ್ಲಪ್ಪ ಕಾರಿಗೆ ನಾಡಿ ಹಿಡಿಯುತ್ತಾನೆ ಎಂದು ಸಂತೆಯವರೆಗೂ ಸುದ್ದಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಮುದುಕಿ ಮೂರು ದಿನದಿಂದ ಮೆಲುಕು ಹಾಕದ ಮೇಕೆಯನ್ನು ಹಿಡಿದುಕೊಂಡು ಬಂದು, ಇದಕ್ಕೂ ಒಂದು ಸಲ ಕೊಳವೆ ಇಟ್ಟು ನೋಡಿ ಎಂದಳು. ನಾನು ಅವಳಿಗೆ ಏನು ಹೇಳಿದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಕೆ ಮಾತ್ರ ಆ ಸದ್ದಿಗೆ ಬೆದರಿ ಅಲ್ಲೇ ಮೆಲುಕು ಹಾಕತೊಡಗಿತಂತೆ.

ಕಾರು ಒಂಬತ್ತು ದಿನ ಗಾಳಿಯ ಹಾಗೆ ಓಡಿತು. ಹತ್ತನೆಯ ದಿನ ಬೆಳಿಗ್ಗೆ ಮುಂದಿನ ಕಾರ್ಬೊರೇಟರಿನಿಂದ ಪೆಟ್ರೋಲು ತೊಟ್ಟಿಕ್ಕಲು ಶುರುವಾಯಿತು.

ವಿಷಯ ಇಷ್ಟೇ. ಕಾರ್ಬೊರೇಟರಿನ ಪಕ್ಕದಲ್ಲಿ ಒಂದು ಬಟ್ಟಲಿದೆ. ಪೆಟ್ರೋಲು ಅದರೊಳಗೆ ಬಂದು ತುಂಬುತ್ತದೆ. ತುಂಬಿದ ಹಾಗೆ ಒಳಗಿನ ಹಿತ್ತಾಳೆಯ ಪೊಳ್ಳು ಡಬ್ಬಿ ತೇಲಿ ಮೇಲೆದ್ದು ಒಂದು ಸೂಜಿಯನ್ನು ಒತ್ತುತ್ತದೆ, ಸೂಜಿ ಪೆಟ್ರೋಲಿನ ತೂತನ್ನು ಮುಚ್ಚುತ್ತದೆ. ಸೂಜಿಯ ಮೊನೆಗೆ ಸಾಸಿವೆಯ ಹತ್ತರಲ್ಲೊಂದು ಪಾಲು ಕಸ ಸಿಕ್ಕಿಕೊಂಡರೂ ತೂತು ಮುಚ್ಚುವುದಿಲ್ಲ, ಬಟ್ಟಲು ತುಂಬಿ ಹೊರಗೆ ಹರಿಯುತ್ತದೆ. ನಾನು ಸಂಜೆ ಎಲ್ಲವನ್ನೂ ಬಿಚ್ಚಿ ತೊಳೆದು ಜೋಡಿಸಿದೆ. ಚಾಲು ಮಾಡಿ ನೋಡಿದರೆ ಒಂದು ಹನಿಯಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಚಾಲು ಮಾಡಿದರೆ ತೊಟ್, ತೊಟ್. ಸಂಜೆ ತೊಳೆಯುವುದು, ಬೆಳಿಗ್ಗೆ ಸೋರುವುದು. ಹೀಗೆ ಹದಿನಾರು ದಿನ. ನನ್ನಂಥ ಶಾಂತ ಮನುಷ್ಯನಿಗೂ ಒಂದು ಮಿತಿ ಇರುತ್ತದೆ.

ಮೊದಲು ಸಿಕ್ಕಿದವನು ಮರಿಯಪ್ಪ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ನೆಂಟನ ಹಾಗೆ ಬಂದು ಹೋಗು ಎಂದು ಹೇಳಿ ಕಳಿಸಿದ್ದೆ, ಅವನು ಚೀಲದ ತುಂಬ ಸ್ಪ್ಯಾನರು ಹೊತ್ತುಕೊಂಡು ಬಸ್ಸಿಳಿದು ದಾರಿಯುದ್ದಕ್ಕೂ ಝಣಝಣ ಎನ್ನಿಸಿಕೊಂಡು ಬಂದ. ಬಟ್ಟಲನ್ನು ಬಿಚ್ಚಿ, ಬೆರಳಾಡಿಸಿ, ಟ್ಯಾಂಕಿನಿಂದಲೇ ಕಸ ಬರುತ್ತಿದೆ ಎಂದ. "ಗುಮಾಸ್ತರೇ, ಈ ದಾರೀಲಿ ಒಂದು..." ಎಂದು ಏನೋ ಕೇಳಲು ಹೊರಟ. ನನಗೆ ಕಾರ್ಬೊರೇಟರು ಹೇಳಿಕೊಡಬೇಡ, ತೊಳೆಯುವುದು ಗೊತ್ತಿದ್ದರೆ ತೊಳೆ, ಇಲ್ಲದಿದ್ದರೆ ಬಾಯಿ ಮುಚ್ಚು ಎಂದೆ. ಅವನು ಬಾಯಿ ಮುಚ್ಚಿ ತೊಳೆದು ಹೋದ. ಮರುದಿನ ಮತ್ತೆ ತೊಟ್ಟಿಕ್ಕಿತು. ಅವನಿಗೆ ಒಂದು ಕಾರ್ಡು ಬರೆದೆ, ವಿಳಾಸದ ಜಾಗವನ್ನೂ ಬಿಡದೆ ಬೈದಿದ್ದರಿಂದ ಅದನ್ನು ಲಕೋಟೆಯಲ್ಲಿ ಹಾಕಬೇಕಾಯಿತು. ಅವನು ಬಸ್ ಕಂಡಕ್ಟರನ ಬಾಯಲ್ಲಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಿ ಕಳಿಸಿದ. ಕಂಡಕ್ಟರು ಅದನ್ನು ಬಸ್ಸಿನ ಕಿಟಕಿಯಿಂದಲೇ ಕೂಗಿ ಹೇಳಿದ.

ಎರಡನೆಯವನು ಕರಿಬಸವಯ್ಯ. ಅವನ ಹೋಟೆಲಿನ ಒಲೆ ನನ್ನ ಕಾರಿಗೆ ಹತ್ತು ಮಾರು ದೂರ. ಅವನ ಕಾಫಿಯಲ್ಲಿ ಪೆಟ್ರೋಲು ವಾಸನೆ ಎಂದು ಗಿರಾಕಿಗಳು ಲೋಟ ವಾಪಸು ಕೊಡುತ್ತಿದ್ದಾರೆ ಎಂದು ಅವನು ಜಗಳಕ್ಕೆ ಬಂದ. ಮೊದಲು ಆ ಕಾಫಿಯಲ್ಲಿ ಯಾವ ವಾಸನೆಯೂ ಇರಲಿಲ್ಲ, ಈಗ ಏನೋ ಒಂದು ಬಂತಲ್ಲ ಎಂದು ನಾನು ಸಮಾಧಾನ ಹೇಳಿದೆ. ಅದಕ್ಕೇ ಅವನು ಸೌದೆ ಹಿಡಿದುಕೊಂಡ. ನನಗೆ ತಕ್ಷಣ ಹೊಳೆಯಿತು. ಊರಿಗೆ ಮುಂಚೆ ಎದ್ದು ಒಲೆ ಹಚ್ಚುವವನು ಇವನು, ನನ್ನ ಕಾರನ್ನು ಕಂಡರೆ ಹೊಟ್ಟೆ ಉರಿಯುವವನು ಇವನು, ಟ್ಯಾಂಕಿಗೆ ಕಸ ಹಾಕುವವನು ಇನ್ಯಾರು? ಬೀದಿಯ ನಡುವೆ ನಿಂತು ಹೇಳಿಯೇಬಿಟ್ಟೆ. ಕರಿಬಸವಯ್ಯ ಸೌದೆ ಕೆಳಗಿಟ್ಟು, ಅಂದಿನಿಂದ ನಮ್ಮ ಮನೆಗೆ ಹಾಲು ತರುವ ಗೌಳಿಯನ್ನೂ ತನ್ನ ಹೋಟೆಲಿಗೇ ಎಳೆದುಕೊಂಡ.

ಕಚೇರಿಯಲ್ಲೂ ಸುಖವಿಲ್ಲ. ನಾನು ಮುಟ್ಟಿದ ಕಡತಗಳೆಲ್ಲ ಪೆಟ್ರೋಲು ವಾಸನೆ ಹೊಡೆಯುತ್ತಿದ್ದವು. ಅಮಲ್ದಾರರಿಗೆ ಗಳಿಗೆಗೊಂದು ಸಿಗರೇಟು ಬೇಕು. ಒಂದು ದಿನ ನಾನು ಪಹಣಿ ಹಿಡಿದು ಒಳಗೆ ಹೋದೊಡನೆ ಅವರು ಉರಿಯುವ ಸಿಗರೇಟನ್ನು ಕುಡಿಯುವ ನೀರಿನ ಲೋಟಕ್ಕೆ ಹಾಕಿ ಎದ್ದು ನಿಂತರು. ನನ್ನನ್ನು ಕಂಡು ಅಮಲ್ದಾರರು ಎದ್ದು ನಿಂತದ್ದನ್ನು ಜವಾನ ಎಲ್ಲರಿಗೂ ಹೇಳಿದ. ಸಂಜೆಯೊಳಗೆ ನನ್ನ ಮೇಜು ಹೊರಗಿನ ವರಾಂಡಕ್ಕೆ, ನೀರಿನ ಹಂಡೆಯ ಪಕ್ಕಕ್ಕೆ ಹೋಯಿತು. ಬೀಡಿ ಸೇದುವ ಅರ್ಜಿದಾರರು ಈ ಗುಮಾಸ್ತೆಯಿಂದ ಮೂರು ಗಜ ದೂರ ನಿಲ್ಲತಕ್ಕದ್ದು ಎಂದು ಬರೆದು ವರಾಂಡದ ಬೋರ್ಡಿಗೆ ಚುಚ್ಚಿದರು. ಅದನ್ನು ಚುಚ್ಚಲು ಬೇಕಾದ ಗುಂಡುಪಿನ್ನು ನನ್ನ ಹಿತ್ತಾಳೆ ಬಟ್ಟಲಿನಿಂದಲೇ ಬಂತು.

ಇನ್ನು ಬಸವಮ್ಮನ ವಿಷಯ. ಬಸವಮ್ಮ ನನ್ನ ಹೆಂಡತಿ, ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಗುರುಮಲ್ಲಯ್ಯನವರ ಮಗಳು. ಮಾತು ಕಡಿಮೆ. ಒಂದು ಬೆಳಿಗ್ಗೆ ಬಟ್ಟಲನ್ನು ಬಿಚ್ಚಿ ಬಿಸಿಲಿಗೆ ಇಟ್ಟಿದ್ದೆ. ಪೆಟ್ರೋಲು ಆರಿದ ಮೇಲೆ ತಳದಲ್ಲಿ ನುಣ್ಣನೆಯ ಬಿಳಿ ಪುಡಿ ಉಳಿಯಿತು. ಬೆರಳಿಗೆ ಹಚ್ಚಿ ನೋಡಿ, ತಲೆ ಎತ್ತಿದೆ. ಎದುರಿಗೆ ಬಸವಮ್ಮ ಕಾರಿನ ಮುಂದೆ ಕೂತು ರಂಗೋಲಿ ಎಳೆಯುತ್ತಿದ್ದಳು. ಬೆರಳ ಸಂದಿಯಿಂದ ಬಿಳಿ ಪುಡಿ ಸುರಿಯುತ್ತಿತ್ತು, ಗಾಳಿ ಕಾರಿನ ಕಡೆಗೇ ಬೀಸುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಕರಿಬಸವಯ್ಯನಿಗೆ ಪೂರ್ತಿ ನೆನಪಿದೆ, ಈಗಲೂ ಕೇಳಿದವರಿಗೆ ಹೇಳುತ್ತಾನೆ. ಎರಡು ತಿಂಗಳಿನ ಕೋಪವನ್ನೆಲ್ಲ ಆ ಒಂದು ಚಿಟಿಕೆ ಪುಡಿಯ ಮೇಲೆ ಸುರಿದೆ. ರಂಗೋಲಿ ಡಬ್ಬಿಯನ್ನು ಎತ್ತಿ ಬೀದಿಗೆ ಎಸೆದೆ. ಬಸವಮ್ಮ ಎಳೆಯುತ್ತಿದ್ದ ಗೆರೆಯನ್ನು ಮುಗಿಸಿ, ಕೈ ತೊಳೆದು, ಒಳಗೆ ಹೋಗಿ ಟ್ರಂಕು ಹಿಡಿದು ಹೊರಗೆ ಬಂದಳು. ನಿಂತು ಹೇಳಿದಳು.

"ನನ್ ರಂಗೋಲಿನೇ ಅಂತೀರಲ್ಲ. ಇನ್ಮೇಲೆ ನಾನೂ ಇರಲ್ಲ, ರಂಗೋಲಿನೂ ಇರಲ್ಲ. ಸೋರೋದು ನಿಂತ್ರೆ ಕಾರ್ನ ನಮ್ಮಪ್ಪನ ಮನೆ ಮುಂದೆ ತಂದು ತೋರ್ಸಿ, ತಪ್ಪಾಯ್ತು ಅಂತ ನಾನೇ ಬತ್ತೀನಿ. ನಿಲ್ದೆ ಓದ್ರೆ, ತಪ್ಪಾಯ್ತು ಅಂತ ನೀವ್ ಬಂದು ಏಳ್ಬೇಕು. ಅಲ್ಲೀಗಂಟ ನಾನು ಈ ಒಸ್ಲು ತುಳಿಯಕ್ಕಿಲ್ಲ."

ಒಂಬತ್ತು ಗಂಟೆಯ ಬಸ್ಸಿಗೆ ಅವಳು ಗುಂಡ್ಲುಪೇಟೆಗೆ ಹೋದಳು. ಅವ್ವ ಬಾಗಿಲಲ್ಲಿ ಕೂತು ಅಳುತ್ತ ನನ್ನನ್ನು ಬೈದಳು, ಬೈಯುತ್ತ ಅತ್ತಳು. ಸೋರುವುದು ನಾಳೆಯೇ ನಿಲ್ಲುತ್ತದೆ, ನಾಡಿದ್ದು ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಹೇಳಿದೆ.

ನಿಲ್ಲಲಿಲ್ಲ. ಸೊಸೆ ಇಲ್ಲದ ಮನೆಗೆ ಮಾದಪ್ಪನೇ ಗತಿ ಎಂದು ಅವ್ವ ಪೂಜೆಯನ್ನು ಎರಡು ಪಟ್ಟು ಮಾಡಿದಳು. ಕಾರೂ ಎರಡು ಪಟ್ಟು ಸೋರಿತು. ಹೊತ್ತೊತ್ತಿಗೆ ಉಪ್ಪಿಲ್ಲದ ಸಾರು, ಸೀದ ಮುದ್ದೆ. ಮನೆಯ ಮುಂದೆ ರಂಗೋಲಿಯ ಜಾಗದಲ್ಲಿ ಪೆಟ್ರೋಲಿನ ಮಡು. ಬೀದಿಯವರು ಬೆಳಿಗ್ಗೆ ಎದ್ದು ಬಂದು ಮೊದಲು ಅದನ್ನು ನೋಡಿ ಆಮೇಲೆ ಮುಖ ತೊಳೆಯುತ್ತಿದ್ದರು. ತಪ್ಪಾಯಿತು ಎಂದು ಹೇಳಿ ಕರೆದುಕೊಂಡು ಬನ್ನಿ ಎಂದು ಕಾಂಪೌಂಡರು ಸಲಹೆ ಕೊಟ್ಟ. ಅವನ ಕೊಳವೆಯನ್ನು ಅವನ ಕಾಲ ಬಳಿ ಎಸೆದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ನಮ್ಮ ವಂಶದಲ್ಲೇ ಇಲ್ಲ. ಮಾಡಿದ್ದನ್ನು ಒಪ್ಪಿಕೊಂಡ ಉದಾಹರಣೆಯೂ ನನಗೆ ಗೊತ್ತಿಲ್ಲ.

ಹೀಗಿರುವಾಗ ಅವ್ವ ಚಂದಕವಾಡಿಯ ತಂಗಿಯ ಮನೆಗೆ ನಾಲ್ಕು ದಿನ ಹೋದಳು. ನಾನು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ಪೆಟ್ರೋಲು ಹಾಕಿಸಿದೆ. ಮೊದಲ ದಿನ ಒಂದು ಹನಿ ಬೀಳಲಿಲ್ಲ. ಎರಡನೆಯ ದಿನ ಬೀಳಲಿಲ್ಲ. ನಾಲ್ಕು ದಿನವೂ ನೆಲ ಒಣಗಿಯೇ ಇತ್ತು. ಒಳಗೆ ಅಂಟಿಕೊಂಡಿದ್ದ ಹಳೆಯ ರಂಗೋಲಿಯೆಲ್ಲ ಕೊನೆಗೂ ತೊಳೆದು ಹೋಯಿತು, ಹೊಸದು ಹಾಕುವವಳು ಊರಲ್ಲಿಲ್ಲ. ಇದಕ್ಕಿಂತ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಕರಿಬಸವಯ್ಯನ ಹೋಟೆಲಿನ ಬಾಗಿಲಲ್ಲೇ ನಿಂತು, ಅವನೂ ಕೇಳುವ ಹಾಗೆ, ನಾಳೆ ಗುಂಡ್ಲುಪೇಟೆಗೆ ಹೋಗುತ್ತೇನೆ ಎಂದು ಸಾರಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವ್ವ ಬಂದಿಳಿದಳು. ಸೊಸೆಯನ್ನು ಕರೆಯಲು ತಾನೂ ಬರುತ್ತೇನೆ ಎಂದಳು. ನಾನು ಕೋಟು ಹಾಕಿ ಪೇಟ ಸುತ್ತಿಕೊಳ್ಳುವಷ್ಟರಲ್ಲಿ ಅವಳು ಕಾರಿಗೆ ಪೂಜೆ ಮುಗಿಸಿ ಸೀಟಿನಲ್ಲಿ ಕೂತಿದ್ದಳು. ತೆರಕಣಾಂಬಿ ದಾಟುವವರೆಗೆ ಇಂಜಿನ್ನು ಜೇನಿನ ಹಾಗೆ ಗುಂಯ್ ಎನ್ನುತ್ತಿತ್ತು. ಮಾವನವರ ಮನೆ ಮುಂದೆ ಮಾಡಬೇಕಾದ ಭಾಷಣವನ್ನು ನಾನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡೆ. ಆಮೇಲೆ ಒಂದೆರಡು ಸಲ ಇಂಜಿನ್ನು ಕೆಮ್ಮಿತು. ಎದುರು ಗಾಳಿ ಎಂದುಕೊಂಡೆ.

ಗುರುಮಲ್ಲಯ್ಯನವರು ಜಗುಲಿಯ ಮೇಲೆ ಕೂತಿದ್ದರು. ಬನ್ನಿ ಎನ್ನಲಿಲ್ಲ. ಅವ್ವನಿಗೆ ಮಾತ್ರ ನೀರು ಕೊಡಿಸಿದರು. ಬಸವಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸೋರುವುದು ನಿಂತಿದೆ, ನಿಮ್ಮ ಮಗಳ ರಂಗೋಲಿಯೇ ಕಾರಣವೆಂದು ಸಾಬೀತಾಗಿದೆ, ಅವಳು ತಪ್ಪೊಪ್ಪಿಕೊಂಡು ಹೊರಡಲಿ ಎಂದು ನಾನು ಶುರು ಮಾಡಿದೆ. ಮಾವನವರು ಕೈ ಎತ್ತಿ ನಿಲ್ಲಿಸಿ, ಒಳಗಿನಿಂದ ಮಡಿಪಂಚೆ ತರಿಸಿದರು. ಹಾಲಿನಷ್ಟು ಬೆಳ್ಳಗೆ ಒಗೆದದ್ದು. ಅದನ್ನು ಇಂಜಿನ್ನಿನ ಕೆಳಗೆ ತಾವೇ ಹಾಸಿದರು.

"ಇಂಜಿನ್ನು ಓಡ್ತಾ ಇರ್ಲಿ ಅಳಿಯಂದ್ರೆ. ನಾನು ಒಂದು ಎಲೆಯಡ್ಕೆ ಆಕಿ ಮುಗಿಸೋಗಂಟ ಪಂಚೆ ಒಣಗಿದ್ರೆ ಮಗಳ್ನ ಕಳಿಸ್ಕೊಡ್ತೀನಿ."

ಅಷ್ಟರಲ್ಲಿ ಮಂಡಿಯ ಲಾರಿಯವರೆಲ್ಲ ಸೇರಿದರು. ಅವರಲ್ಲೊಬ್ಬ ಹೋಗಿ ಮರಿಯಪ್ಪನನ್ನು ಕರೆತಂದ. ಅವನು ನನ್ನ ಕಾರ್ಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಮಾವನವರು ಎಲೆಯ ತೊಟ್ಟು ಮುರಿದರು. ನಾರು ತೆಗೆದರು. ಸುಣ್ಣ ಹಚ್ಚಿದರು. ಅಷ್ಟು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುವವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮೂವತ್ತು ಜನ ಬಗ್ಗಿ ನಿಂತು ಪಂಚೆಯನ್ನು ನೋಡುತ್ತಿದ್ದರು. ಅಡಿಕೆ ಬಾಯಿಗೆ ಹೋಯಿತು. ಎಲೆ ಬಾಯಿಗೆ ಹೋಯಿತು. ಪಂಚೆ ಒಣಗಿತ್ತು. ನಾನು ಮೀಸೆಯ ಮೇಲೆ ಕೈಯಿಟ್ಟೆ.

ತೊಟ್.

ಪಂಚೆಯ ನಟ್ಟನಡುವೆ ಒಂದಾಣೆಯಷ್ಟು ಅಗಲದ ಒದ್ದೆ. ಅದರ ಪಕ್ಕದಲ್ಲೇ ಇನ್ನೊಂದು. ಮಾವನವರು ಅಗಿಯುವುದನ್ನು ನಿಲ್ಲಿಸಿದರು.

ನಾನು ಸುಮ್ಮನಿರಲಿಲ್ಲ. ಸರ್ಕಾರದ ರಸ್ತೆಯ ಗುಂಡಿಗಳಿಂದ ಸೂಜಿ ಅಲುಗಿದೆ ಎಂದೆ. ಗುಂಡ್ಲುಪೇಟೆಯ ಗಾಳಿಯಲ್ಲಿ ಈರುಳ್ಳಿಯ ಘಾಟು ಜಾಸ್ತಿ, ಅದು ಕಾರ್ಬೊರೇಟರಿಗೆ ಆಗುವುದಿಲ್ಲ ಎಂದೆ. ಪಂಚೆ ಮೊದಲೇ ಒದ್ದೆಯಾಗಿತ್ತು ಎಂದೂ ಅಂದೆನಂತೆ. ಬಸವಮ್ಮ ಬಾಗಿಲಿನಿಂದಲೇ, ಆ ಮನೆಯಲ್ಲಿ ರಂಗೋಲಿ ಹಾಕಿ ಇಪ್ಪತ್ತೆರಡು ದಿನವಾಯಿತು ಎಂದಳು. ಅವಳಿಗೆ ಉತ್ತರ ಕೊಡಲು ನಾನು ತಿರುಗಿದೆ. ಆಗ ನನ್ನ ಬೆನ್ನ ಹಿಂದೆ ಟಕ್ಕೆಂದು ಸದ್ದಾಯಿತು.

ಅವ್ವ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಸೊಂಟದ ಚೀಲದಿಂದ ವಿಭೂತಿಯನ್ನು ತೆಗೆದು ಒಳಗೆ ಬಿಡುತ್ತಿದ್ದಳು. ಒಂದು ಚಿಟಿಕೆಯಲ್ಲ, ನನ್ನ ಗ್ರಹಚಾರ ನೋಡಿ ಈ ಸಲ ಮೂರು. ಮಾಯ್ಕಾರ ಮಾದಪ್ಪ, ನನ್ನ ಮಗನ ಮಾನ ಕಾಪಾಡಪ್ಪ ಎಂದು ಬೇಡಿಕೊಳ್ಳುತ್ತಿದ್ದಳು.

ಅವ್ವ, ಇದನ್ನು ಎಷ್ಟು ದಿನದಿಂದ ಮಾಡುತ್ತಿದ್ದೀಯೆ ಎಂದು ಕೇಳಿದೆ.

"ದಿನಾ ಬೆಳಿಗ್ಗೆ ಮಾಡೋದ್ನೆಯ ಕಣ ಮಗ," ಎಂದಳು ಅವ್ವ. "ಎತ್ತು ಕುಡಿಯೋ ನೀರ್ಗೆ ಆಕಲ್ವಾ? ಇದು ಕುಡಿಯೋದು ಈ ಎಣ್ಣೆ ತಾನೆ?"

ಮೆಕ್ಯಾನಿಕ್ಕು, ಕರಿಬಸವಯ್ಯ, ಹಾಲಿನ ಗೌಳಿ, ವರಾಂಡದ ಮೇಜು, ಹೆಂಡತಿ, ಇಷ್ಟೂ ಹೋಗಿದ್ದು ಒಂದು ಚಿಟಿಕೆ ಬೂದಿಗೆ. ಕಾರನ್ನು ಕೊಂದುಬಿಟ್ಟೆಯಲ್ಲ ಅವ್ವ, ಮೂರು ತಿಂಗಳಿನಿಂದ ಸೋರಿದ್ದು ನಿನ್ನಿಂದಲೇ ಎಂದು ಕೂಗಿದೆ. ಅವ್ವ ಹೆದರಲಿಲ್ಲ. ಸೊಂಟದ ಮೇಲೆ ಕೈಯಿಟ್ಟಳು.

"ಮೂರ್ ತಿಂಗ್ಳು ಸೋರ್ತಲ್ಲ, ಪಕ್ದಲ್ಲೆ ಕರಿಬಸಯ್ಯನ ಒಲೆ ಉರೀತಿತ್ತಲ್ಲ, ಒಂದ್ ದಿನ ಬೆಂಕಿ ಅತ್ಕತ್ಲಾ? ಏಳ್ಲಾ. ಯಾರ್ಲಾ ನಿನ್ನ ಕಾಪಾಡ್ದೋರು?"

ಗುಂಡ್ಲುಪೇಟೆ ಪೂರ್ತಿ ತಲೆದೂಗಿತು. ಒಬ್ಬ ಲಾರಿ ಡ್ರೈವರು ಅಲ್ಲೇ ಚಪ್ಪಲಿ ಬಿಟ್ಟು ಅವ್ವನ ಹತ್ತಿರ ಹೋಗಿ ಒಂದು ಚಿಟಿಕೆ ಈಸಿಕೊಂಡ.

ಮರಿಯಪ್ಪ ಬಾನೆಟ್ಟಿನಿಂದ ತಲೆ ಹೊರಗೆ ತೆಗೆದ. "ಬೂದಿ ಬಿದ್ರೂ ಇಲ್ಲೀಗಂಟ ಬರ್ಬಾರ್ದು ಗುಮಾಸ್ತರೇ. ದಾರೀಲಿ ಒಂದು ಇತ್ತಾಳೆ ಜಾಲ್ರಿ ಇರ್ಬೇಕು, ಕಸ ಎಲ್ಲ ಅದ್ರಲ್ಲೆ ನಿಂತ್ಕತದೆ. ಅವತ್ತೆ ಕೇಳಕ್ಕೆ ಬಂದೆ, ಬಾಯ್ ಮುಚ್ಚು ಅಂದ್ರಿ. ಎಲ್ಲದೆ ಅದು?"

ಅದು ಅಮಲ್ದಾರರ ಮೇಜಿನ ಮೇಲೆ ಗುಂಡುಪಿನ್ನು ತುಂಬಿಕೊಂಡು ಕೂತಿತ್ತು. ಸೋದರಮಾವ ಚಿಕ್ಕಮಲ್ಲಪ್ಪ ಅಂದು ಹೊರಡುವಾಗ ಬೆರಳು ತೋರಿಸಿ ಏನು ಹೇಳಿದ್ದನೆಂದು ನನಗೆ ಈಗ ಹಾರನ್ನಿನ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಜಾಲರಿಯನ್ನು ಮಾತ್ರ ತೆಗೆಯಬೇಡ ಎಂದಿದ್ದ. ತಪ್ಪು ಅಮಲ್ದಾರರದು ಎಂದು ಹೇಳಲು ಬಾಯಿ ತೆರೆದೆ, ಮೂವತ್ತು ಮುಖಗಳನ್ನು ನೋಡಿ ಮುಚ್ಚಿದೆ. ಉಳಿದವಳು ಬಸವಮ್ಮ ಒಬ್ಬಳೇ. ದಿನಾ ಬೆಳಿಗ್ಗೆ ಆ ಕಾರಿನ ಮುಂದೆ ಕೂತು ರಂಗೋಲಿ ಹಾಕುತ್ತಿದ್ದವಳು ನೀನು, ಅವ್ವ ಇದನ್ನು ಮಾಡುವುದು ನಿನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದೆ.

"ದಿನಾ ಕಾಣ್ತಿದ್ದೆ."

ಮತ್ತೆ ನನಗೆ ಏಕೆ ಹೇಳಲಿಲ್ಲ ಎಂದೆ.

"ನೀವ್ ಎಲ್ಲಿ ಕೇಳುದ್ರಿ?" ಎಂದಳು ಬಸವಮ್ಮ. "ಬೈದ್ರಿ ಅಷ್ಟೆಯ."

ಮೂರು ತಿಂಗಳಲ್ಲಿ ನಾನು ಎಷ್ಟು ಜನರನ್ನು ಬೈದೆ ಎಂದು ಲೆಕ್ಕ ಹಾಕಬಹುದು. ಯಾರನ್ನಾದರೂ ಏನನ್ನಾದರೂ ಕೇಳಿದ್ದೆನೇ ಎಂದು ನೆನಪಿಸಿಕೊಂಡೆ. ಒಬ್ಬರೂ ಸಿಗಲಿಲ್ಲ. ನನ್ನ ಮೇಲೆ ನನಗೇ ಕೋಪ ಬಂತು, ಮೊದಲ ಬಾರಿಗೆ ಅದು ಸರಿಯಾದ ಮನುಷ್ಯನ ಮೇಲೆ ಬಂದಿತ್ತು. ಮಾವನವರು ಎರಡನೆಯ ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದರು.

ತಪ್ಪಾಯ್ತು ಎಂದೆ. ಅಭ್ಯಾಸವಿಲ್ಲದ ಮಾತು, ತಡೆದು ತಡೆದು ಒಮ್ಮೆಲೇ ಹೊರಗೆ ಬಂತು. ಮಂಡಿಯ ಮುಂದೆ ಕಟ್ಟಿದ್ದ ಎತ್ತುಗಳು ಹಗ್ಗ ಜಗ್ಗಿದವು.

"ಅದ್ನೂ ಬೈದಂಗೆ ಏಳ್ತೀರಲ್ಲ," ಎಂದಳು ಬಸವಮ್ಮ.

ಎರಡನೆಯ ಸಲ ಮೆಲ್ಲಗೆ ಹೇಳಿದೆ. ಅವಳು ಮರಿಯಪ್ಪನ ಕಡೆ ನೋಡಿದಳು. ಅವನಿಗೂ ಹೇಳಿದೆ. ಅವನು ಕಾರ್ಡನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಟ್ಯಾಂಕು ಖಾಲಿ ಮಾಡಿ, ಹೊಸ ಪೆಟ್ರೋಲು ತುಂಬಿಸಿ, ಬಟ್ಟಲು ತೊಳೆದು, ಮಾವನವರ ಪಂಚೆಯ ಅಂಚಿನಿಂದ ಒಂದು ಚೂರು ಹರಿದು ಜಾಲರಿಯ ಜಾಗದಲ್ಲಿ ಬಿಗಿದ. ಕಿವಿಗೆ ಕೊಳವೆ ಇಲ್ಲದೆಯೇ ಎರಡು ಕಾರ್ಬೊರೇಟರುಗಳನ್ನೂ ಒಂದೇ ಸಮ ಉಸಿರಾಡಿಸಿದ. ಪಂಚೆಯ ಉಳಿದ ಭಾಗವನ್ನು ಮತ್ತೆ ಕೆಳಗೆ ಹಾಸಿ ನೋಡಿದೆವು. ಮಾವನವರ ಎಲೆಯಡಿಕೆ ಮುಗಿದರೂ ಹೊಸ ಹನಿ ಬೀಳಲಿಲ್ಲ. ಬಸವಮ್ಮ ಟ್ರಂಕು ತಂದಳು.

ಹೊರಡುವ ಹೊತ್ತಿಗೆ ಅವ್ವ ಹಿಂದಿನ ನಾಯಿ ಹಲಗೆಯ ಮೇಲೆ ತಾನು ಕೂರುತ್ತೇನೆ ಎಂದಳು. ಅಲ್ಲಿಂದ ಟ್ಯಾಂಕಿನ ಮುಚ್ಚಳ ಕೈಗೆ ಸಿಗುತ್ತದೆ. ಬಸವಮ್ಮ ಅದನ್ನು ನೋಡಿ, ಅತ್ತೆ, ಚೀಲ ನನ್ನ ಹತ್ತಿರ ಇರಲಿ ಎಂದು ಈಸಿಕೊಂಡಳು. ಇಷ್ಟು ದೂರ ಹೋಗುವಾಗ ಗಾಡಿಗೆ ಮಾದಪ್ಪನ ಕಾವಲು ಬೇಡವೇ ಎಂದು ಅವ್ವ ಹಟ ಹಿಡಿದಳು. ಗಾಡಿಗೆ ಹಾಕುವ ಬದಲು ಓಡಿಸುವವರಿಗೆ ಹಾಕಿದರೆ ಸಾಲದೇ ಎಂದಳು ಬಸವಮ್ಮ. ಅವ್ವನಿಗೆ ಅದು ಸರಿಯೆನಿಸಿತು. ಪಂಚೆಯ ಚೂರನ್ನು ಗಟ್ಟಿಯಾಗಿ ಬಿಗಿದಿದ್ದೀಯೋ ಇಲ್ಲವೋ ಎಂದು ನಾನು ಮರಿಯಪ್ಪನನ್ನು ಗದರಲು ಬಾಯಿ ತೆರೆದಿದ್ದೆ, ಅವ್ವ ಚೀಲದೊಳಗೆ ಕೈ ಹಾಕಿ ನನ್ನ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಉಳಿದದ್ದನ್ನು ತೆರೆದ ಬಾಯಿಗೇ ಹಾಕಿದಳು. ಮಾದಪ್ಪನ ವಿಭೂತಿಯನ್ನು ಉಗುಳುವ ಹಾಗಿಲ್ಲ. ಅದು ಕರಗುವವರೆಗೆ ಮಾತಾಡುವ ಹಾಗೂ ಇಲ್ಲ.

ತೆರಕಣಾಂಬಿಯ ಹತ್ತಿರ ಒಂದು ಎಮ್ಮೆ ರಸ್ತೆಗೆ ಅಡ್ಡ ನಿಂತಿತ್ತು. ಎಮ್ಮೆಯವನು ಮರದ ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಬಾಯಿ ಖಾಲಿಯಾಗಿತ್ತು. ಕಾರು ನಿಲ್ಲಿಸಿ, ಅವನಿಗೆ ನಾಲ್ಕು ಮಾತು ಹೇಳೋಣವೆಂದು ಎದ್ದು ನಿಂತೆ. ಪಕ್ಕದ ಸೀಟಿನಲ್ಲಿ ಬಸವಮ್ಮ ವಿಭೂತಿ ಚೀಲದ ದಾರ ಬಿಚ್ಚಿದಳು.

ನಾನು ಬಾಯಿ ಮುಚ್ಚಿಕೊಂಡು ಕೂತು, ಹಾರನ್ ಒತ್ತಿದೆ.